ನನ್ನ ಕಾಗದ ಓದುತ್ತಿದ್ದವರು

ಗಾಜಿನದೊಂದು ಸಣ್ಣ ಬಟ್ಟಲು, ಅದರೊಳಗೆ ನೀರು ಕುಡಿದು ಉಬ್ಬಿದ ಒಂದು ತುಂಡು ಸ್ಪಂಜು. ಹೋದ ಶನಿವಾರ ಸಂಜೆ ಪರದೆಯ ಮೇಲೆ ಅದು ಕಾಣಿಸಿದ್ದು ಹೆಚ್ಚೆಂದರೆ ಐದಾರು ಸೆಕೆಂಡು. ಹಂಗೇರಿಯ ಸಿನಿಮಾ. ಬೋರ್ಡಿಂಗ್ ಶಾಲೆಯ ವಾರ್ಡನ್ ಒಬ್ಬ, ಹುಡುಗ ಮನೆಗೆ ಬರೆದ ಕಾಗದವನ್ನು ಅವನೆದುರಿಗೇ ಓದಿ, ಮಡಿಸಿ, ಲಕೋಟೆಯ ಅಂಚನ್ನು ಆ ಸ್ಪಂಜಿನ ಮೇಲೆ ಎಳೆದು ಅಂಟಿಸುತ್ತಾನೆ. ಅಷ್ಟೇ. ಆದರೆ ನನ್ನ ಮೂಗಿಗೆ ಒದ್ದೆ ಗೋಂದಿನ ವಾಸನೆ ಬಂದುಬಿಟ್ಟಿತು, ಅದರ ಹಿಂದೆಯೇ ಡೆಟಾಲ್ ವಾಸನೆ, ಅದರ ಹಿಂದೆ ಗಂಜಿಯ ವಾಸನೆ... ಆಮೇಲೆ ಸಿನಿಮಾ ಅರ್ಧ ನೋಡಿದೆ, ಅರ್ಧ ನೋಡಲಿಲ್ಲ.

ನಾನಾಗಿ ಹೋದದ್ದಲ್ಲ. ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನಿಂದ ನಡೆದು ಹೋಗುವಷ್ಟು ದೂರದ ಹಾಲಿನಲ್ಲಿ ಪುಕ್ಕಟೆ ತೋರಿಸುತ್ತಾರೆಂದು ಮಗಳು ಎಳೆದುಕೊಂಡು ಹೋದಳು. ಎರಡು ವರ್ಷದಿಂದ ನನ್ನ ಎಡಗಿವಿ ಮಂದವಾಗಿದೆ. ಹಿಂದಿ ಸಿನಿಮಾಕ್ಕೆ ಹೋದರೆ ಎಲ್ಲರೂ ನಕ್ಕ ಮೇಲೆ ನಾನು ನಗಬೇಕು. ಇಲ್ಲಿ ಆ ತಾಪತ್ರಯವಿರಲಿಲ್ಲ. ಹಂಗೇರಿಯನ್ ಭಾಷೆ ಹಾಲಿನಲ್ಲಿ ಯಾರಿಗೂ ಬರುತ್ತಿರಲಿಲ್ಲ, ಎಲ್ಲರೂ ಪರದೆಯ ಕೆಳಗಿನ ಇಂಗ್ಲಿಷ್ ಸಾಲು ಓದುವವರೇ. ಆ ಎರಡು ಗಂಟೆ ಇಡೀ ಹಾಲೇ ನನ್ನಷ್ಟು ಕಿವುಡಾಗಿತ್ತು.

ಕಥೆ ಇಷ್ಟೇ. ಹುಡುಗ ವಾರವಾರವೂ ಅಪ್ಪನಿಗೆ ಬರೆಯುತ್ತಾನೆ, ಇಲ್ಲಿಂದ ಕರೆದುಕೊಂಡು ಹೋಗು ಎಂದು. ವಾರ್ಡನ್ ಅವನ ಕಣ್ಣೆದುರಿಗೆ ಲಕೋಟೆ ಅಂಟಿಸುತ್ತಾನೆ, ಹುಡುಗ ಆಚೆ ಹೋದ ಮೇಲೆ ಮೇಜಿನ ಡ್ರಾಯರಿಗೆ ಹಾಕುತ್ತಾನೆ. ಒಂದೂ ಮನೆ ಮುಟ್ಟುವುದಿಲ್ಲ. ಡ್ರಾಯರು ತೆರೆದಾಗ ಹಾಲಿನಲ್ಲಿ ಜನ ಉಸಿರು ಬಿಟ್ಟರು. ಮಗಳು ನನ್ನ ಬಲಗಿವಿಗೆ ಬಾಯಿಟ್ಟು, "ಕಿತ್ನಾ ಕೆಟ್ಟವ್ನು ಅಲ್ವಾ ಅಮ್ಮಾ?" ಎಂದಳು. ಹೂಂ ಎಂದೆ. ನನ್ನ ಕಾಗದವನ್ನು ಯಾರೂ ಡ್ರಾಯರಿಗೆ ಹಾಕಲಿಲ್ಲ, ಟಪ್ಪಾಲಿಗೆ ಹಾಕಿದರು ಎಂದು ಅವಳಿಗೆ ಹೇಳುವುದು ಹೇಗೆ? ಕಾಗದ ತಡೆದವರ ಮೇಲೆ ಸಿನಿಮಾ ಮಾಡುತ್ತಾರೆ. ಕಳಿಸಿದವರ ಮೇಲೆ ಯಾರು ಮಾಡುತ್ತಾರೆ?

ನಾನು ಓದಿದ್ದೂ ಬೋರ್ಡಿಂಗ್ ಶಾಲೆಯಲ್ಲೇ. ಗುರ್‌ಗಾಂವ್ ಇನ್ನೂ ಬರೀ ಊರಾಗಿದ್ದ ಕಾಲ. ಅದನ್ನು ದಾಟಿ ಸಾಸಿವೆ ಹೊಲಗಳ ನಡುವೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋಗಬೇಕಿತ್ತು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪ ಸೈನ್ಯದಲ್ಲಿ ಕ್ಯಾಪ್ಟನ್, ಕುಟುಂಬ ಕರೆದೊಯ್ಯಲಾಗದ ಗಡಿಯ ಜಾಗಗಳಲ್ಲೇ ಪೋಸ್ಟಿಂಗು. ಸರೋಜಿನಿ ನಗರದಲ್ಲಿ ಚಿಕ್ಕಪ್ಪ ಇದ್ದರು, ಆದರೆ ಎರಡು ಕೋಣೆಯ ಸರ್ಕಾರಿ ಮನೆಯಲ್ಲಿ ಆಗಲೇ ಆರು ಜನ. ಹಾಗಾಗಿ ಒಂದು ಟ್ರಂಕು, ಹಾಸಿಗೆ ಕಟ್ಟಿದ ಒಂದು ಹೋಲ್ಡಾಲು, ನಾನು. ಮೂರನ್ನೂ ಅಲ್ಲಿ ಇಳಿಸಿ ಅಪ್ಪ ರೈಲು ಹತ್ತಿದರು.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಎಲ್ಲರೂ ಮನೆಗೆ ಕಾಗದ ಬರೆಯಬೇಕು. ಲಕೋಟೆ ಅಂಟಿಸಬಾರದು, ಹೌಸ್ ಟೀಚರು ಓದಿದ ಮೇಲೇ ಅದು ಹೊರಗೆ ಹೋಗುವುದು. ದೂರು ದುಮ್ಮಾನ ಇದ್ದರೆ ಕಾಗದ ಪ್ರಿನ್ಸಿಪಾಲರ ಮೇಜಿಗೆ. ಆದ್ದರಿಂದ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ಮಾತ್ರ ಬರೆಯಬೇಕೆಂದು ನಿಯಮ. ನಮ್ಮಪ್ಪ ಅದಕ್ಕೆ ಒಪ್ಪಲಿಲ್ಲ. ನನ್ನ ಮಗಳು ನನಗೆ ಕನ್ನಡದಲ್ಲೇ ಬರೆಯುತ್ತಾಳೆ, ಓದುವವರನ್ನು ನೀವು ಹುಡುಕಿಕೊಳ್ಳಿ ಎಂದು ಶಾಲೆಗೆ ಬರೆದರು. ಹುಡುಕಬೇಕಾಗಿಯೇ ಇರಲಿಲ್ಲ. ಸಿಕ್ ರೂಮಿನ ನರ್ಸು ಕೊಡಗಿನವರು.

ಶಾಲೆಗೆಲ್ಲ ಅವರು ಸಿಸ್ಟರ್. ನನಗೊಬ್ಬಳಿಗೆ ಆಂಟಿ, ಅದೂ ಬಾಗಿಲು ಮುಚ್ಚಿದ್ದಾಗ ಮಾತ್ರ. ಗಂಡ ಸೈನ್ಯದಲ್ಲಿದ್ದು ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಸಿಕ್ ರೂಮಿನ ಹಿಂದಿನ ಒಂದು ಕೋಣೆಯೇ ಅವರ ಮನೆ. ಎತ್ತರದ ಆಳು, ನಡಿಗೆಯಲ್ಲಿ ಪೆರೇಡಿನ ಬಿಗಿ. ಔಷಧಿಯ ಕಪಾಟಿನಲ್ಲಿ ಟಿಂಚರ್ ಶೀಶೆಯ ಪಕ್ಕದಲ್ಲಿ ಕಾಚಂಪುಳಿಯ ಪುಟ್ಟ ಶೀಶೆ ಇಟ್ಟುಕೊಂಡಿದ್ದರು. ಊರಿನಿಂದ ತಂದ ಆ ಕರೀ ಹುಳಿಯನ್ನು ಮೆಸ್ಸಿನ ನೀರು ದಾಲಿಗೆ ನಾಲ್ಕು ಹನಿ ಬಿಟ್ಟರೆ ಅದು ಊಟವಾಗುತ್ತಿತ್ತು. ಜ್ವರ ಬಂದ ಪಂಜಾಬಿ ಹುಡುಗಿಯರೂ "ಸಿಸ್ಟರ್, ವೋ ಕಾಲೀ ದವಾಯಿ" ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ಭಾನುವಾರ ಹತ್ತು ಗಂಟೆಗೆ ನಾನು ಕಾಗದ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ತುಟಿ ಅಲ್ಲಾಡಿಸುತ್ತ, ಸದ್ದಿಲ್ಲದೆ ಓದುತ್ತಿದ್ದರು. ನಾನು ಸ್ಟೂಲಿನ ಮೇಲೆ ಕಾಲಾಡಿಸುತ್ತ ಅವರ ತುಟಿಯನ್ನೇ ನೋಡುತ್ತಿದ್ದೆ, ಈಗ ಯಾವ ಸಾಲಿಗೆ ಬಂದಿದ್ದಾರೆಂದು ಅಂದಾಜು ಮಾಡಲು. ಆಮೇಲೆ ನನ್ನ ಮಡಿಕೆಯ ಮೇಲೇ ಮಡಿಸಿ, ಲಕೋಟೆಗೆ ಹಾಕಿ, ಸ್ಪಂಜಿನ ಮೇಲೆ ಎಳೆದು ಅಂಟಿಸುವುದು. ನಾಲಿಗೆಯಲ್ಲಿ ನೆಕ್ಕಿ ಅಂಟಿಸಲು ಬಿಡುತ್ತಿರಲಿಲ್ಲ. "ಅಪ್ಪನಿಗೆ ಹೋಗುವ ಕಾಗದ. ಎಂಜಲು ಮಾಡ್ಬಾರ್ದು." ಕೊನೆಗೆ ಮೂಲೆಯಲ್ಲಿ ನೀಲಿ ಪೆನ್ಸಿಲಿನಿಂದ ತಮ್ಮ ಸಹಿಯ ಒಂದು ಗೀಚು. ಆ ಗೀಚು ಇದ್ದರೆ ಕಾಗದ ಪಾಸಾಯಿತೆಂದು ಅರ್ಥ.

ಸೇರಿದ ಮೊದಲ ತಿಂಗಳಿನಲ್ಲೇ ಬರೆದಿದ್ದೆ. ಮೂರು ದಿನದಿಂದ ಅಳುತ್ತಿದ್ದೇನೆ, ಇಲ್ಲಿ ರೊಟ್ಟಿಯಲ್ಲಿ ಹುಳ, ಬಂದು ಕರೆದುಕೊಂಡು ಹೋಗು. ನಿಯಮದ ಪ್ರಕಾರ ಅದು ಪ್ರಿನ್ಸಿಪಾಲರ ಮೇಜಿಗೆ ಹೋಗಬೇಕಾದ ಕಾಗದ. ಆಂಟಿ ಓದಿ ಮುಗಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, "ಇನ್ನೊಂದು ಸಾಲು ಬರಿ ಮಗಳೇ" ಎಂದರು. "ಊಟ ಮಾಡ್ತಿದ್ದೇನೆ ಅಂತ ಬರಿ. ಇಲ್ಲಾಂದ್ರೆ ನಿನ್ನ ಅಪ್ಪನಿಗೆ ಅಲ್ಲಿ ಅನ್ನ ಇಳಿಯೋದಿಲ್ಲ." ಬರೆದೆ. ಅಂಟಿಸಿದರು. ಕಾರಿಡಾರಿನಲ್ಲಿ ಪ್ರಿನ್ಸಿಪಾಲರು ಎದುರಾಗಿ, ಹುಡುಗಿ ಏನು ಬರೆದಿದ್ದಾಳೆ ಎಂದು ಕೇಳಿದಾಗ, "ಸಬ್ ಕುಶಲ್ ಹೈ, ಮೇಡಂ" ಎಂದರು. ಮೂರು ವರ್ಷ ನಾನು ಏನೇನೋ ಬರೆದೆ. ಪ್ರತಿಸಲವೂ ಸಬ್ ಕುಶಲ್.

ಹಾಗೆ ನನ್ನ ದುಃಖವನ್ನೆಲ್ಲ ಅಪ್ಪನಿಗಿಂತ ನಾಲ್ಕು ದಿನ ಮೊದಲು ಓದುತ್ತಿದ್ದವರು ಅವರು. ಓದಿದ ಮೇಲೆ ಅದರ ಬಗ್ಗೆ ಒಂದು ಮಾತು ಆಡುತ್ತಿರಲಿಲ್ಲ. ಬುಧವಾರವೋ ಗುರುವಾರವೋ ಹಾದಿಯಲ್ಲಿ ಸಿಕ್ಕಾಗ ಜೇಬಿಗೆ ಒಂದು ಚೂರು ಬೆಲ್ಲ ತುರುಕಿ ಹೋಗುತ್ತಿದ್ದರು. ಅದೇ ಉತ್ತರ.

ಏಳನೆಯ ತರಗತಿಯ ಅಕ್ಟೋಬರ್. ಅಪ್ಪನ ಕಾಗದ ಬಂತು. ಹೊಸ ಪೋಸ್ಟಿಂಗಿಗೆ ಹೋಗುವ ದಾರಿಯಲ್ಲಿ ದಿಲ್ಲಿಯಲ್ಲಿ ನಾಲ್ಕು ದಿನ, ಮುಂದಿನ ವಾರ ಬುಧವಾರದಿಂದ ಶನಿವಾರದವರೆಗೆ, ಚಿಕ್ಕಪ್ಪನ ಮನೆಯಲ್ಲಿ. ಓದಿ ನೆಗೆದಾಡಿದೆ. ಕೆಳಗೆ ಇನ್ನೊಂದು ಸಾಲಿತ್ತು. ಭೇಟಿಯ ದಿನ ಅಲ್ಲದ ದಿನ ನಾನು ಬಂದು ಕೇಳುವುದು ಸರಿಯಲ್ಲ, ನಿಯಮ ನಿಯಮವೇ, ಡಿಸೆಂಬರ್ ರಜೆಯಲ್ಲಿ ನೋಡೋಣ. ಅಪ್ಪನನ್ನು ನೋಡಿ ಹತ್ತು ತಿಂಗಳಾಗಿತ್ತು. ಅವರ ಮುಖ ನೆನೆಸಿಕೊಂಡರೆ ಮೀಸೆ ಮಾತ್ರ ಬರುತ್ತಿತ್ತು, ಉಳಿದದ್ದು ಬರುತ್ತಿರಲಿಲ್ಲ.

ನಡುವೆ ಮನೆಗೆ ಬಿಡುವ ದಾರಿ ಒಂದೇ, ಜ್ವರ. ನೂರೆರಡು ದಾಟಿದರೆ ದಿಲ್ಲಿಯಲ್ಲಿರುವ ನೆಂಟರನ್ನು ಕರೆಸಿ ಒಪ್ಪಿಸುತ್ತಿದ್ದರು. ಕಾಗದ ಬಂದ ಶುಕ್ರವಾರ ಸಂಜೆಯೇ ಆಂಟಿಯ ಹತ್ತಿರ ಹೋಗಿ ಕೇಳಿದೆ, ರಿಜಿಸ್ಟರಿನಲ್ಲಿ ಒಂದು ಸಲ ನೂರೆರಡು ಎಂದು ಬರೆಯಿರಿ ಎಂದು. "ಇಲ್ಲದ ಜ್ವರ ಬರಿಯೋಕೆ ನನಗೆ ಬರೋದಿಲ್ಲ ಮಗಳೇ" ಎಂದರು. ಮೂರು ವರ್ಷ ಇಲ್ಲದ ಕುಶಲ ಹೇಳಿದವರು ಇಲ್ಲದ ಜ್ವರ ಯಾಕೆ ಬರೆಯಬಾರದು? ನನ್ನ ಹನ್ನೆರಡು ವರ್ಷದ ಬುದ್ಧಿಗೆ ಅದು ಅರ್ಥವಾಗಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಈಗಲೂ ಪೂರ್ತಿ ಅರ್ಥವಾಗಿಲ್ಲ.

ಶನಿವಾರ ಮೆಸ್ಸಿನಿಂದ ಅರ್ಧ ಈರುಳ್ಳಿ ಕದ್ದೆ. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಬಿಸಿಲಲ್ಲಿ ನಿಂತರೆ ಮೈ ಕಾಯುತ್ತದೆಂದು ಎಲ್ಲ ಹಾಸ್ಟೆಲ್ ಮಕ್ಕಳಿಗೂ ಗೊತ್ತಿರುವ ವೈದ್ಯ. ಒಂದು ಗಂಟೆ ನಿಂತು, ಬೆವರಿ, ಸಿಕ್ ರೂಮಿಗೆ ಹೋಗಿ ನರಳಿದೆ. ಆಂಟಿ ಥರ್ಮಾಮೀಟರ್ ಜಾಡಿಸುತ್ತ ಹತ್ತಿರ ಬಂದು, ಮೂಗರಳಿಸಿ, "ಒಳ್ಳೇ ಈರುಳ್ಳಿ ವಾಸನೆ. ಸಾಂಬಾರ್ ಮಾಡೋಣವಾ?" ಎಂದು ನಕ್ಕರು. ಕನ್ನಡದಲ್ಲೇ ಹೇಳಿದ್ದು. ಆದರೆ ಅಷ್ಟರಲ್ಲಿ ಈರುಳ್ಳಿ ನನ್ನ ತೋಳಿನಿಂದ ಜಾರಿ ನೆಲಕ್ಕೆ ಬಿತ್ತು. ಮಂಚದ ಮೇಲಿದ್ದ ಇಬ್ಬರು ದೊಡ್ಡ ಹುಡುಗಿಯರಿಗೆ ಭಾಷೆ ಬೇಕಾಗಲಿಲ್ಲ. ರಾತ್ರಿ ಊಟದ ಹೊತ್ತಿಗೆ ಇಡೀ ಡಾರ್ಮಿಟರಿಗೆ ನಾನು "ಪ್ಯಾಜ್" ಆಗಿದ್ದೆ. ಶಾಲೆ ಬಿಡುವವರೆಗೂ ಆ ಹೆಸರು ನನ್ನನ್ನು ಬಿಡಲಿಲ್ಲ.

ಮರುದಿನ ಭಾನುವಾರ. ಚಿಕ್ಕಪ್ಪನ ವಿಳಾಸಕ್ಕೆ, ಅಪ್ಪನ ಹೆಸರಿಗೆ ಕಾಗದ ಬರೆದೆ. ನಾಲ್ಕೇ ಸಾಲು. ಸಿಕ್ ರೂಮಿನ ಆಂಟಿ ನನಗೆ ಎಡಗಿವಿಯ ಮೇಲೆ ಹೊಡೆದರು. ತುಂಬಾ ಜೋರಾಗಿ ಹೊಡೆದರು. ಈಗ ಆ ಕಿವಿ ಕೇಳಿಸುತ್ತಿಲ್ಲ. ಇದು ನಿಜ.

ಅದನ್ನು ನಾನು ಅಪ್ಪನಿಗೆ ಬರೆದದ್ದಲ್ಲ, ಆಂಟಿಗೇ ಬರೆದದ್ದು. ಅವರು ಓದಬೇಕು, ಓದಿ ಅವರ ಮುಖ ಕೆಡಬೇಕು, ನನ್ನೆದುರಿಗೆ ಕಾಗದ ಹರಿದು ಹಾಕಬೇಕು, ಬೈಯಬೇಕು. ಆಗ ನಾನು ಅಳಬೇಕು. ಅಷ್ಟೇ ನನ್ನ ಲೆಕ್ಕ. ತನ್ನ ಮೇಲಿನ ಚಾಡಿಯನ್ನು ತಾನೇ ಯಾರು ಪಾಸು ಮಾಡುತ್ತಾರೆ?

ಅವರ ತುಟಿ ಅಲ್ಲಾಡುತ್ತ ಹೋಯಿತು, ಎರಡನೆಯ ಸಾಲಿನಲ್ಲಿ ನಿಂತಿತು, ಮತ್ತೆ ಮೊದಲಿನಿಂದ ಅಲ್ಲಾಡಿತು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಮುಗಿಯಿತಾ? ಇನ್ನೇನಾದರೂ ಸೇರಿಸ್ಬೇಕಾ?" ಎಂದರು.

ಇಲ್ಲವೆಂದು ತಲೆಯಾಡಿಸಿದೆ. ನನ್ನ ಮಡಿಕೆಯ ಮೇಲೇ ಮಡಿಸಿದರು. ಸ್ಪಂಜಿಗೆ ನೀರು ಸಾಲದಾಗಿತ್ತು, ಎದ್ದು ಹೋಗಿ ಹೂಜಿಯಿಂದ ಎರಡು ಚಮಚ ನೀರು ಹಾಕಿಕೊಂಡು ಬಂದರು. ಅಂಟಿಸಿದರು. ಮೂಲೆಯಲ್ಲಿ ನೀಲಿ ಗೀಚು. ಟಪ್ಪಾಲಿನ ಬುಟ್ಟಿಗೆ ಹಾಕಿದರು. ಆ ನೀರು ತರಲು ಹೋದಷ್ಟು ಹೊತ್ತು ಕಾಗದ ನನ್ನ ಕೈಗೆಟುಕುವಂತೆ ಮೇಜಿನ ಮೇಲೇ ಇತ್ತು. ತೆಗೆದುಕೊಳ್ಳಲಿ ಎಂದೇ ಹೋದರೇನೋ. ನಾನು ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದೆ. ಸೋಮವಾರ, ಮಂಗಳವಾರ ಹೋಗಿ ಸುಳ್ಳೆಂದು ಹೇಳಬಹುದಿತ್ತು. ಹೇಳಲಿಲ್ಲ. ಆ ವಾರ ಬೆಲ್ಲ ಬರಲಿಲ್ಲ.

ಗುರುವಾರ ಲೆಕ್ಕದ ಪಾಠದ ನಡುವೆ ಕರೆ ಬಂತು. ಪ್ರಿನ್ಸಿಪಾಲರ ಕೋಣೆಯಲ್ಲಿ ಅಪ್ಪ ಯೂನಿಫಾರಂನಲ್ಲಿ ಕೂತಿದ್ದರು. ಮೀಸೆಯ ಜೊತೆ ಉಳಿದ ಮುಖವೂ ಇತ್ತು. ಓಡಿಹೋಗಿ ತಬ್ಬಿಕೊಳ್ಳಬೇಕೆನ್ನಿಸಿತು. ಮೇಜಿನ ಮೇಲೆ ನನ್ನ ಕಾಗದ ಬಿಚ್ಚಿ ಇಟ್ಟಿತ್ತು, ಕಿಟಕಿಯ ಬಳಿ ಆಂಟಿ ನಿಂತಿದ್ದರು. ಅಪ್ಪ ನನ್ನ ಗಲ್ಲ ಹಿಡಿದು ಮುಖವನ್ನು ಬಲಕ್ಕೆ ತಿರುಗಿಸಿ ಕಿವಿ ನೋಡಿದರು. ಕನ್ನಡದಲ್ಲಿ, ಮೆಲ್ಲಗೆ ಕೇಳಿದರು, "ಹೊಡೆದ್ರಾ ಮಗು?"

ಇಲ್ಲ ಎಂದರೆ ಅಪ್ಪ ಸುಳ್ಳಿಗಾಗಿ ಇಷ್ಟು ದೂರ ಬಂದಂತಾಗುತ್ತದೆ. ಈಗಲೇ ಎದ್ದು ಹೋಗಿಬಿಡುತ್ತಾರೆ. ನನಗೆ ಹೊಳೆದದ್ದು ಅಷ್ಟೇ. ಹೂಂ ಎಂದು ತಲೆಯಾಡಿಸಿದೆ.

ಪ್ರಿನ್ಸಿಪಾಲರು ಆಂಟಿಯನ್ನು ಹಿಂದಿಯಲ್ಲಿ ವಿಚಾರಿಸಿದರು. ಹೊಡೆದಿರಾ? "ನಹೀ." ಹಾಗಾದರೆ ಹುಡುಗಿ ಸುಳ್ಳು ಹೇಳುತ್ತಿದ್ದಾಳಾ? ಅದನ್ನು ಮೂರು ಸಲ ಕೇಳಿದರು, ಮೂರು ಸಲವೂ ಆಂಟಿ ಹೌದೆನ್ನಲಿಲ್ಲ. ಈ ಕಾಗದ ಓದಿದಿರಾ? ಓದಿದೆ. ಓದಿಯೂ ಕಳಿಸಿದಿರಾ? "ಬಾಪ್ ಕೋ ಲಿಖಾ ಥಾ, ಮೇಡಂ" ಎಂದರು. ಅಪ್ಪನಿಗೆ ಬರೆದದ್ದಲ್ಲವಾ. ಆಗ ಅಪ್ಪ, ಪಾಪ ನ್ಯಾಯವಾಗಿ ಮಾತಾಡಬೇಕೆಂದೇ ಇರಬೇಕು, ಈಕೆ ಹಿಂದಿನಿಂದಲೂ ಕಾಗದ ತಡೆದವರಲ್ಲ, ರೊಟ್ಟಿಯ ಹುಳದ ಸಂಗತಿಯೂ ನನಗೆ ಬಂದಿತ್ತು ಎಂದುಬಿಟ್ಟರು. ಪ್ರಿನ್ಸಿಪಾಲರ ಮುಖ ಕೆಂಪಾದದ್ದು ಆ ಮಾತಿಗೆ. ಹೊಡೆತಕ್ಕಿಂತ ಹುಳ ದೊಡ್ಡದಾಯಿತು. ಮುಂದೆ ಎಷ್ಟೋ ವರ್ಷ, ಅವರ ಕೆಲಸ ಹೋದದ್ದು ಅದಕ್ಕೇ ಹೊರತು ನನ್ನ ಸುಳ್ಳಿಗಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸಮಾಧಾನವೇನೂ ಆಗಲಿಲ್ಲ.

ಎರಡು ದಿನ ಅಪ್ಪ ನನ್ನವರಾಗಿದ್ದರು. ಚಿಕ್ಕಪ್ಪನ ಮನೆಯ ವರಾಂಡದಲ್ಲಿ ಅಪ್ಪನ ಪಕ್ಕದಲ್ಲೇ ಮಲಗಿದೆ. ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಕೆಂಪು ಸ್ವೆಟರ್ ಕೊಡಿಸಿದರು. ಮಿಲಿಟರಿ ಆಸ್ಪತ್ರೆಗೆ ಕರೆದೊಯ್ದು ಕಿವಿ ತೋರಿಸಿದರು. ಡಾಕ್ಟರು ದೀಪ ಹಾಕಿ ನೋಡಿ, ಕಿವಿಯ ಹಿಂದೆ ಗಡಿಯಾರ ಹಿಡಿದು ಕೇಳಿಸಿ, ಏನೂ ಆಗಿಲ್ಲ ಎಂದರು. ವಾಪಸು ಬರುವಾಗ ಅಪ್ಪ ಆಟೋದಲ್ಲಿ ಬಹಳ ಹೊತ್ತು ಹೊರಗೆ ನೋಡುತ್ತಿದ್ದರು. ಗೊತ್ತಾಯಿತೋ ಏನೋ... ಹೋದ ವರ್ಷ ಅವರೂ ತೀರಿಕೊಂಡರು. ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಶನಿವಾರ ಸಂಜೆ ಶಾಲೆಗೆ ಬಂದಾಗ ಸಿಕ್ ರೂಮಿನಲ್ಲಿ ಬೇರೆ ನರ್ಸು. ಹಿಂದಿನ ಕೋಣೆಗೆ ಬೀಗ. ಕಪಾಟಿನಲ್ಲಿ ಟಿಂಚರ್ ಶೀಶೆಯ ಪಕ್ಕ ಖಾಲಿ ಜಾಗ. ಬಟ್ಟಲಿನಲ್ಲಿ ಸ್ಪಂಜು ಒಣಗಿ ಕಲ್ಲಾಗಿತ್ತು. ಮರುದಿನ ಕಾಗದ ಬರೆಯುವ ಹೊತ್ತಿಗೆ ಹೌಸ್ ಟೀಚರು ಹೇಳಿದರು, ಕನ್ನಡ ಓದುವವರು ಈಗ ಯಾರೂ ಇಲ್ಲ, ಇನ್ನು ಮೇಲೆ ಇಂಗ್ಲಿಷಿನಲ್ಲೇ ಬರಿ. "ಮೈ ಡಿಯರ್ ಫಾದರ್" ಎಂದು ಶುರು ಮಾಡಿದೆ. ಎರಡನೆಯ ಸಾಲಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಅಪ್ಪನೂ ಇಂಗ್ಲಿಷಿನಲ್ಲೇ ಉತ್ತರ ಬರೆಯತೊಡಗಿದರು. ಅವರ ಉತ್ತರಗಳು ಚಿಕ್ಕದಾಗುತ್ತ ಬಂದವು, ನನ್ನವೂ. ನಾವಿಬ್ಬರೂ ಮತ್ತೆ ಆ ಹಳೆಯ ಸಲಿಗೆಗೆ ಬರಲೇ ಇಲ್ಲ. ಎರಡು ದಿನ ಗೆದ್ದು ಇಡೀ ಅಪ್ಪನನ್ನು ಸೋತೆ ಎಂದರೆ ಅತಿಯಾಗುತ್ತದೆಯೇನೋ, ಆದರೆ ಸುಮಾರು ಹಾಗೇ ಆಯಿತು.

ಇನ್ನೊಂದು ಸಲ, ಒಂದೇ ಸಲ, ಆಂಟಿಯನ್ನು ನೋಡಿದೆ. ಆಗ ನನಗೆ ಇಪ್ಪತ್ತಾರು, ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ ವರ್ಷವಾಗಿತ್ತು. ಚಾಣಕ್ಯಪುರಿಯಲ್ಲಿ ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿನಲ್ಲಿ ಇಡ್ಲಿಗೆ ಕಾಯುತ್ತಿದ್ದೆ. ಗಾಲಿಕುರ್ಚಿಯಲ್ಲಿ ಒಬ್ಬ ಮುದುಕಿಯನ್ನು ತಳ್ಳಿಕೊಂಡು ಅವರು ಒಳಗೆ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಡಿಗೆಯಲ್ಲಿ ಮಾತ್ರ ಅದೇ ಪೆರೇಡಿನ ಬಿಗಿ. ಯಾರದೋ ಮನೆಯಲ್ಲಿದ್ದು ರೋಗಿಯನ್ನು ನೋಡಿಕೊಳ್ಳುವ ಕೆಲಸ. ನಾನು ಎದ್ದು ನಿಂತೆ. ಹದಿನಾಲ್ಕು ವರ್ಷದಿಂದ ಬಾಯಿಪಾಠ ಮಾಡಿದ್ದ ಮಾತುಗಳಿದ್ದವು. ಅವರೇ ಗುರುತು ಹಿಡಿದರು. ಹತ್ತಿರ ಬಂದು, ನನ್ನ ಮುಖವನ್ನು ಒಂದು ಸಲ ಪೂರ್ತಿ ಓದಿ, "ಕಿವಿ ಹೇಗುಂಟು ಮಗಳೇ?" ಎಂದರು.

ತಮಾಷೆಗೆ ಕೇಳಿದರೋ, ಚುಚ್ಚಲು ಕೇಳಿದರೋ, ನಿಜವಾಗಿಯೇ ಕೇಳಿದರೋ. ಅವರ ಕಣ್ಣಿನಲ್ಲಿ ನಗುವಂತೂ ಇತ್ತು.

"ಚೆನ್ನಾಗಿದೆ ಆಂಟಿ" ಎಂದೆ.

"ಚೆನ್ನಾಗಿರಲಿ" ಎಂದರು. ಮುದುಕಿ ಕರೆದರು, ಅವರು ತಿರುಗಿದರು. ನನ್ನ ಇಡ್ಲಿ ಬಂತು. ತಿಂದೂ ಬಿಟ್ಟೆ, ನಾಚಿಕೆಗೆಟ್ಟವಳು. ತಲೆಯೆತ್ತಿದಾಗ ಅವರಿರಲಿಲ್ಲ. ಮುಂದಿನ ವಾರ ಮತ್ತೆ ಹೋಗಿ ವಿಚಾರಿಸಿದೆ, ಆ ರೋಗಿಯನ್ನು ಊರಿಗೆ ಕರೆದುಕೊಂಡು ಹೋದರಂತೆ. ಮತ್ತೆ ಐದಾರು ವರ್ಷದ ಮೇಲೆ, ಆಫೀಸಿನಲ್ಲಿದ್ದ ಕೊಡಗಿನವರೊಬ್ಬರು ಮಾತಿನ ನಡುವೆ, ಅವರು ಹೋಗಿಬಿಟ್ಟರಲ್ಲ, ನಿಮಗೆ ಗೊತ್ತಿರಲಿಲ್ಲವಾ ಎಂದರು. ಗೊತ್ತಿರಲಿಲ್ಲ. ಕೇಳಿಸಿಕೊಂಡು ಫೈಲು ನೋಡುತ್ತ ಕೂತೆ. ಕಣ್ಣೀರು ಬರಲಿಲ್ಲ, ಬರಬೇಕಿತ್ತು.

ಸಿನಿಮಾ ನೋಡಿದ ನಾಲ್ಕನೆಯ ದಿನ, ಅಂದರೆ ಮೊನ್ನೆ ಬುಧವಾರ, ಮಗಳು ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಎರಡು ವರ್ಷದಿಂದ ಮುಂದೂಡುತ್ತಿದ್ದೆ, ಈ ಸಲ ಅವಳು ಕೇಳಲಿಲ್ಲ. ಸಣ್ಣ ಕ್ಲಿನಿಕ್ಕು. ಪರದೆ ಕಟ್ಟಿದ ಒಳಕೋಣೆ, ಆಚೆ ಬೆಂಚಿನ ಮೇಲೆ ಏಳೆಂಟು ಜನ. ಡಾಕ್ಟರು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು, ದಣಿದ ಮುಖ. ಎಡಗಿವಿಯೊಳಗೆ ದೀಪ ಹಾಕಿ ನೋಡಿದ, ನನ್ನ ಗಲ್ಲ ಹಿಡಿದು ಮುಖ ಬಲಕ್ಕೆ ತಿರುಗಿಸಿದ. ಆಮೇಲೆ ಕಾರ್ಡು ಎಳೆದುಕೊಂಡು, ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಕೇಳತೊಡಗಿದ. ಶುಗರ್ ಇದೆಯಾ? ಬಿ.ಪಿ.? ಮನೆಯಲ್ಲಿ ಬೇರೆ ಯಾರಿಗಾದರೂ?

"ಬಚ್‌ಪನ್ ಮೇ ಕಾನ್ ಪರ್ ಕೋಯಿ ಚೋಟ್? ಕಿಸೀ ನೇ ಮಾರಾ ಥಾ?"

ಚಿಕ್ಕಂದಿನಲ್ಲಿ ಕಿವಿಗೆ ಪೆಟ್ಟು ಬಿದ್ದಿತ್ತಾ, ಯಾರಾದರೂ ಹೊಡೆದಿದ್ದರಾ ಎಂದು ಕೇಳಿ, ಅವನ ಪೆನ್ನು ಕಾರ್ಡಿನ ಮೇಲೆ ನಿಂತಿತ್ತು. ಅವನು ನನ್ನನ್ನು ನೋಡುತ್ತಲೂ ಇರಲಿಲ್ಲ.

"ನಹೀ" ಎಂದೆ. "ಕಿಸೀ ನೇ ನಹೀ ಮಾರಾ. ಕಭೀ ನಹೀ."

ಅವನು ಬರೆದುಕೊಂಡ. ಪರದೆಯ ಆಚೆಗಿನ ಮಾತು ಒಮ್ಮೆಲೇ ನಿಂತಿತು. ಮಗಳು ನನ್ನ ತೋಳು ಹಿಡಿದು, ಬಲಗಿವಿಗೆ ಬಗ್ಗಿ ಹೇಳಿದಳು, "ಅಮ್ಮಾ, ಇಷ್ಟು ಜೋರಾಗಿ ಯಾಕೆ? ಡಾಕ್ಟರ್ ಇಲ್ಲೇ ಇದಾರಲ್ಲ."